ಪೇಟೆಯ ಮನೆ, ಹಳ್ಳಿಯ ತೋಟ

(ಶಿರಸಿ ಸೀಮೆಯ ಬೆಳೆಗಾರರು ಹಾಗೂ ಕಾಲೇಜು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಅಡಿಕೆ ಬೆಳೆಯುವ ಸೀಮೆಯಲ್ಲಿ ಮದುವೆಯ ಮಾತುಕತೆ ಆರಂಭವಾದಾಗ ಹೆಣ್ಣಿನ ಕಡೆಯವರು ಕೇಳುವ ಮೊದಲ ಪ್ರಶ್ನೆ ಈಗ ಬದಲಾಗಿದೆ. ತೋಟ ಎಷ್ಟು ಎಕರೆ, ನೀರಿನ ಅನುಕೂಲ ಹೇಗೆ, ಮನೆಯಲ್ಲಿ ಜನರೆಷ್ಟು ಎಂದು ಹಿಂದೆ ವಿಚಾರಿಸುತ್ತಿದ್ದರು. ಈಗ ಕೇಳುವುದು, "ಶಿರಸಿಯಲ್ಲಿ ಮನೆ ಇದೆಯೇ? ಮನೆ ಇಲ್ಲದಿದ್ದರೆ ಸೈಟಾದರೂ ಇದೆಯೇ?" ಎಂದು. ಈ ಪ್ರಶ್ನೆ ಕೇಳುವವರನ್ನು ದೂರುವುದು ಸುಲಭ. ಸಭೆ ಸಮಾರಂಭಗಳಲ್ಲಿ ಸಾಕಷ್ಟು ದೂರಿಯೂ ಆಗಿದೆ. ಅದರಿಂದ ಒಂದು ಮದುವೆಯೂ ಕೂಡಿಬಂದಂತಿಲ್ಲ. ಮೂವತ್ತೈದು ದಾಟಿದ, ದುಡಿಯಬಲ್ಲ, ದುಶ್ಚಟಗಳಿಲ್ಲದ ಯುವಕರು ಊರೂರಿನಲ್ಲಿ ಅವಿವಾಹಿತರಾಗಿ ಉಳಿದಿದ್ದಾರೆ. ಇತ್ತ ಪೇಟೆಯ ಸುತ್ತ ಗುಡ್ಡಗಳ ಮೈ ಕೆತ್ತಿ ಬಡಾವಣೆಗಳು ಏಳುತ್ತಿವೆ.

ಆದ್ದರಿಂದ ಸಣ್ಣ ಪೇಟೆಯಲ್ಲಿ ವಾಸಿಸುವುದರ ಒಳಿತು ಕೆಡುಕು ಎಂಬುದು ಈ ಸೀಮೆಯ ಮಟ್ಟಿಗೆ ಶಾಲೆಯ ಚರ್ಚಾಸ್ಪರ್ಧೆಯ ವಿಷಯವಾಗಿ ಉಳಿದಿಲ್ಲ. ರಾತ್ರಿ ಊಟವಾದ ಮೇಲೆ ಜಗುಲಿಯಲ್ಲಿ ಕುಳಿತು ಮನೆಮಂದಿ ಹಾಕುವ ಲೆಕ್ಕವಾಗಿದೆ. ಆ ಲೆಕ್ಕದಲ್ಲಿ ಶಾಲೆ, ಆಸ್ಪತ್ರೆ, ರಸ್ತೆ, ಮದುವೆ ಎಲ್ಲವೂ ಸೇರುತ್ತವೆ. ಒಂದು ಬಾಬತ್ತು ಮಾತ್ರ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಹಿಂದೆ ಉಳಿಯುವ ತೋಟ ಮತ್ತು ಆ ತೋಟಕ್ಕೆ ತಾಗಿಕೊಂಡಿರುವ ನೆರೆಯವರ ತೋಟಗಳು ಏನಾಗುತ್ತವೆ ಎಂಬುದೇ ಆ ಬಾಬತ್ತು. ಇಂದಿನ ಮಾತು ಮುಖ್ಯವಾಗಿ ಅದನ್ನು ಕುರಿತದ್ದು. ಆದರೆ ಅದಕ್ಕಿಂತ ಮೊದಲು ಪೇಟೆಗೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸಬೇಕು.

ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿರುವ, ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ ಬೀಳುವ ಪೇಟೆ. 2011ರ ಜನಗಣತಿಯಲ್ಲಿ ಇದರ ಜನಸಂಖ್ಯೆ 62 ಸಾವಿರದ ಆಸುಪಾಸಿನಲ್ಲಿತ್ತು. ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್, ಘಟ್ಟ ಇಳಿದು ಕುಮಟೆಗೆ 60, ಜಿಲ್ಲಾ ಕೇಂದ್ರವಾದ ಕಾರವಾರಕ್ಕೆ ಸುಮಾರು 120. ಇಲ್ಲಿ ದೊಡ್ಡ ಕಾರ್ಖಾನೆಗಳಿಲ್ಲ, ರೈಲು ಮಾರ್ಗವಿಲ್ಲ. ಹಾಗಿದ್ದೂ ಪೇಟೆ ಬೆಳೆದಿರುವುದು ಸುತ್ತಲಿನ ಕಣಿವೆಗಳ ಅಡಿಕೆ, ಕಾಳುಮೆಣಸು, ಏಲಕ್ಕಿಗಳಿಂದ. ದಲ್ಲಾಳಿಗಳ ತಕ್ಕಡಿಯಿಂದ ತಪ್ಪಿಸಿಕೊಳ್ಳಲು ಬೆಳೆಗಾರರು ತಮ್ಮದೇ ಮಾರಾಟ ಸಂಘವನ್ನು ಕಟ್ಟಿದ್ದು 1923ರಲ್ಲಿ. ತೋಟಗಾರ್ಸ್ ಸೇಲ್ ಸೊಸೈಟಿ ಎಂಬ ಆ ಸಂಸ್ಥೆಗೆ ಮುಂದಾಳಾದವರು ಕಡವೆ ಎಂಬ ಹಳ್ಳಿಯ ಶ್ರೀಪಾದ ಹೆಗಡೆಯವರು. ಪೇಟೆಯ ಪ್ರಮುಖ ಸಂಸ್ಥೆಯೊಂದನ್ನು ಹಳ್ಳಿಯಲ್ಲಿ ವಾಸಿಸುವವರು ಕಟ್ಟಿದರು ಎಂಬ ಸಂಗತಿಯನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಪೇಟೆ ಹಳ್ಳಿಯನ್ನು ಸಾಕುತ್ತದೆ ಎಂಬ ಭಾವನೆ ಈಗ ಸಾಮಾನ್ಯವಾಗಿದೆ. ಈ ಸೀಮೆಯ ಚರಿತ್ರೆ ಅದಕ್ಕೆ ವಿರುದ್ಧವಾಗಿದೆ.

ಪೇಟೆಯ ವಾಸದ ಒಳಿತುಗಳನ್ನು ಗಂಡಸರು ಹೇಳಿದರೆ ಪಟ್ಟಿ ಚಿಕ್ಕದಾಗುತ್ತದೆ. ಹೆಂಗಸರನ್ನು ಕೇಳಬೇಕು. ಮಲೆನಾಡಿನ ಒಂಟಿಮನೆಯ ಗೃಹಿಣಿಯ ದಿನ ಬೆಳಗಿನ ಜಾವದ ಹಾಲು ಕರೆಯುವುದರಿಂದ ಆರಂಭವಾಗುತ್ತದೆ. ಕೊಟ್ಟಿಗೆ ಗುಡಿಸಬೇಕು, ಸೌದೆಯ ಒಲೆಗೆ ಮುಖವೊಡ್ಡಬೇಕು, ಕೆಲಸದವರಿಗೆ ಆಸರಿಗೆ ಕೊಡಬೇಕು, ಸುಗ್ಗಿಯ ಮೂರು ತಿಂಗಳು ಹಗಲು ಮನೆಗೆಲಸ, ರಾತ್ರಿ ಅಡಿಕೆ ಸುಲಿಯುವ ಮೆಟಗತ್ತಿಯ ಮುಂದೆ ಕೂರಬೇಕು. ಮಳೆಗಾಲದಲ್ಲಿ ವಾರಗಟ್ಟಲೆ ವಿದ್ಯುತ್ತು ಇರದು, ದೂರವಾಣಿ ಕೆಡುತ್ತದೆ, ಹಳ್ಳದ ಸಂಕ ದಾಟುವಂತಿರುವುದಿಲ್ಲ. ಮನೆಯ ವಾಹನ ಗಂಡಸರ ಕೈಯಲ್ಲಿರುತ್ತದೆ. ಬಸ್ಸು ಹಿಡಿಯಲು ಮೂರು ಕಿಲೋಮೀಟರ್ ನಡೆಯಬೇಕು. ಹೀಗಿರುವಾಗ, ತಾನಾಗಿ ಚಪ್ಪಲಿ ಮೆಟ್ಟಿ ಹೊರಟು ತರಕಾರಿ ತರಲು, ಔಷಧಿ ಕೊಳ್ಳಲು, ಗ್ರಂಥಾಲಯಕ್ಕೆ ಹೋಗಲು, ಗೆಳತಿಯ ಮನೆಯಲ್ಲಿ ಅರ್ಧ ಗಂಟೆ ಕುಳಿತು ಬರಲು ಸಾಧ್ಯವಾಗುವ ಊರನ್ನು ಒಬ್ಬ ಪದವೀಧರೆ ಬಯಸಿದರೆ ಅದರಲ್ಲಿ ಆಡಂಬರವೇನೂ ಇಲ್ಲ. ಹಳ್ಳಿಯ ಬದುಕಿನ ಗುಣಗಾನ ಮಾಡುವ ಭಾಷಣಕಾರರಲ್ಲಿ ಹೆಚ್ಚಿನವರು ಸಗಣಿ ಬಾಚಿದವರಲ್ಲ ಎಂಬುದನ್ನು ಇಲ್ಲಿ ಹೇಳಿದರೆ ತಪ್ಪಾಗಲಾರದು.

ಮಕ್ಕಳ ಶಾಲೆಯ ಮಾತೂ ಹಾಗೆಯೇ. ಹಳ್ಳಿಯ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಹತ್ತಕ್ಕಿಂತ ಕೆಳಗಿಳಿದಾಗ ಉಳಿದ ಮಕ್ಕಳ ತಂದೆತಾಯಿಗಳಿಗೆ ಆಯ್ಕೆಯೇ ಇರುವುದಿಲ್ಲ. ಹಿರಿಯರಿಗೆ ಮಂಡಿನೋವು, ಮಧುಮೇಹ, ರಕ್ತದೊತ್ತಡಗಳಿಗೆ ತಿಂಗಳಿಗೊಮ್ಮೆ ವೈದ್ಯರನ್ನು ಕಾಣಬೇಕು. ಪೇಟೆಯಾದರೆ ನಡೆದೇ ಹೋಗಬಹುದು.

ಸಣ್ಣ ಪೇಟೆಗೆ ದೊಡ್ಡ ನಗರದಲ್ಲಿ ದೊರೆಯದ ಗುಣವೊಂದಿದೆ. ಅಲ್ಲಿ ಊರು ಕಾಲಳತೆಯಲ್ಲಿರುತ್ತದೆ. ದೇವಿಕೆರೆಯಿಂದ ಐದು ರಸ್ತೆಯ ವೃತ್ತ, ಅಲ್ಲಿಂದ ಬಿಡಕಿಬೈಲು, ಮತ್ತೆ ಮಾರಿಕಾಂಬೆಯ ಗುಡಿ, ಎಲ್ಲವನ್ನೂ ಒಂದು ಸಂಜೆಯಲ್ಲಿ ಸುತ್ತಿ ಬರಬಹುದು. ಅಂಗಡಿಯವನಿಗೆ ಗಿರಾಕಿಯ ತಂದೆಯ ಹೆಸರು ಗೊತ್ತಿರುತ್ತದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಯಲ್ಲಿ ಮಾರಿಕಾಂಬೆ ಬಿಡಕಿಬೈಲಿನ ಗದ್ದುಗೆಯಲ್ಲಿ ಕುಳಿತಾಗ ಪೇಟೆಗೂ ಹಳ್ಳಿಗೂ ಭೇದವೇ ಇಲ್ಲದಂತೆ ಜನ ಸೇರುತ್ತಾರೆ. ಯಕ್ಷಗಾನ, ತಾಳಮದ್ದಳೆ, ಸಂಗೀತ ಕಛೇರಿಗಳಿಗೆ ಇಷ್ಟು ಚಿಕ್ಕ ಊರಿನಲ್ಲಿ ದೊರೆಯುವ ಪ್ರೇಕ್ಷಕರು ಎಷ್ಟೋ ನಗರಗಳಲ್ಲಿ ದೊರೆಯಲಾರರು. 1985ರಲ್ಲಿ ಆರಂಭವಾದ ಅರಣ್ಯ ಮಹಾವಿದ್ಯಾಲಯವೂ ಇದೇ ಊರಿನಲ್ಲಿದೆ. ಕಾಡಿನ ಬಗ್ಗೆ ಓದಬೇಕೆನ್ನುವ ಹಳ್ಳಿಯ ಹುಡುಗ ಹುಡುಗಿಯರಿಗೆ ಅದು ಸಣ್ಣ ಅನುಕೂಲವಲ್ಲ.

ಎಲ್ಲರ ಪರಿಚಯವಿರುವುದರ ಇನ್ನೊಂದು ಮುಖವನ್ನು ಬಾಡಿಗೆ ಮನೆ ಹುಡುಕಿದವರು ಬಲ್ಲರು. ಸಣ್ಣ ಪೇಟೆಗಳಲ್ಲಿ ಮನೆಯ ಯಜಮಾನ ಬಾಡಿಗೆಯನ್ನು ಹೇಳುವ ಮೊದಲು "ತಮ್ಮದು ಯಾವ ಪೈಕಿ?" ಎಂದು ಕೇಳುವ ರೂಢಿ ಇನ್ನೂ ಅಳಿದಿಲ್ಲ. ಹಳ್ಳಿಯಿಂದ ಪೇಟೆಗೆ ಹೋದವನಿಗೆ ಜಾತಿಯ ಬೇಲಿ ಸಡಿಲವಾಗುವುದೆಂಬ ನಂಬಿಕೆ ಅರ್ಧ ಮಾತ್ರ ನಿಜ. ಭೂಮಿಯಿಲ್ಲದ ಕೂಲಿಕಾರನಿಗೆ ಪೇಟೆಯಲ್ಲಿ ಗಾರೆ ಕೆಲಸವೋ ವಾಹನ ಚಾಲನೆಯೋ ಸಿಗುತ್ತದೆ, ಒಡೆಯನ ಅಂಗಳದಲ್ಲಿ ಕೈಕಟ್ಟಿ ನಿಲ್ಲುವುದು ತಪ್ಪುತ್ತದೆ. ಅವನ ಪಾಲಿಗೆ ಇದು ದೊಡ್ಡ ಬಿಡುಗಡೆ. ಮನೆ ಸಿಗುವುದು ಮಾತ್ರ ಪೇಟೆಯ ಅಂಚಿನಲ್ಲಿ, ನಲ್ಲಿಯ ನೀರು ತಲುಪದ ಜಾಗದಲ್ಲಿ.

ಪೇಟೆ ಕೊಡುತ್ತೇನೆಂದು ಹೇಳಿ ಅರ್ಧದಲ್ಲಿ ಕೈಬಿಡುವ ಸಂಗತಿಗಳೂ ಇವೆ. ಆಸ್ಪತ್ರೆಯನ್ನೇ ತೆಗೆದುಕೊಳ್ಳಬಹುದು. ಜ್ವರ, ಹೆರಿಗೆ, ಸಣ್ಣ ಶಸ್ತ್ರಚಿಕಿತ್ಸೆಗಳಿಗೆ ಶಿರಸಿ ಸಾಕು. ತಲೆಗೆ ಪೆಟ್ಟಾದರೆ, ಹೃದಯಕ್ಕೆ ತೊಂದರೆಯಾದರೆ ಆಂಬುಲೆನ್ಸು ಹುಬ್ಬಳ್ಳಿಯ ದಾರಿ ಹಿಡಿಯುತ್ತದೆ, ಇಲ್ಲವೇ ಘಟ್ಟ ಇಳಿದು ಮಣಿಪಾಲಕ್ಕೋ ಮಂಗಳೂರಿಗೋ ಓಡುತ್ತದೆ. ಜಿಲ್ಲೆಗೊಂದು ಸುಸಜ್ಜಿತ ತುರ್ತು ಚಿಕಿತ್ಸಾ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಯುವಜನ 2019ರಲ್ಲಿ ದೊಡ್ಡ ಪ್ರಮಾಣದಲ್ಲಿ ದನಿಯೆತ್ತಿದರು, 2022ರಲ್ಲಿ ಮತ್ತೆ ಎತ್ತಿದರು. ಆಸ್ಪತ್ರೆಗಾಗಿಯೇ ಹಳ್ಳಿ ಬಿಟ್ಟು ಪೇಟೆಗೆ ಬಂದ ವೃದ್ಧ ದಂಪತಿಗಳು ಹದಿನೈದು ಕಿಲೋಮೀಟರ್ ಉಳಿಸಿದ್ದಾರೆ. ಉಳಿದ ನೂರು ಕಿಲೋಮೀಟರ್ ಹಾಗೆಯೇ ಇದೆ.

ಉದ್ಯೋಗದ ಮಾತೂ ಭಿನ್ನವಲ್ಲ. ಕಾಲೇಜು ಮುಗಿಸಿದವನಿಗೆ ಪೇಟೆಯಲ್ಲಿರುವುದು ಅಂಗಡಿ, ಬ್ಯಾಂಕು, ಸಹಕಾರಿ ಸಂಘ, ಶಾಲೆಗಳ ಕೆಲವೇ ಸ್ಥಾನಗಳು. ಮಗನ ಓದಿಗಾಗಿ ಪೇಟೆಯಲ್ಲಿ ಮನೆ ಕಟ್ಟಿದವರು, ಓದು ಮುಗಿದ ಮಗ ಬೆಂಗಳೂರಿಗೆ ಹೋದಾಗ, ಎರಡು ಖಾಲಿ ಮನೆಗಳ ಒಡೆಯರಾಗಿ ಉಳಿಯುತ್ತಾರೆ. ಒಂದು ಪೇಟೆಯಲ್ಲಿ, ಒಂದು ಹಳ್ಳಿಯಲ್ಲಿ. 2020ರ ಕೊರೋನಾ ಕಾಲದಲ್ಲಿ ಮಗ ಕಂಪ್ಯೂಟರಿನೊಡನೆ ಮರಳಿ ಬಂದದ್ದು ಪೇಟೆಯ ಮನೆಗಲ್ಲ, ಹಳ್ಳಿಯ ಮನೆಗೆ. ಸಂಪರ್ಕದ ಸಂಕೇತ ಸಿಗುವ ಗುಡ್ಡದ ನೆತ್ತಿಯಲ್ಲಿ ತಾಡಪಾಲು ಕಟ್ಟಿ ಕುಳಿತು ಕೆಲಸ ಮಾಡಿದ ಯುವಕರನ್ನು ಈ ಸೀಮೆ ಕಂಡಿದೆ. ಅವರಲ್ಲಿ ಕೆಲವರು ಮರಳಿ ಹೋಗಲಿಲ್ಲ. ಹೆಚ್ಚಿನವರು ಹೋದರು.

ಇನ್ನು ತೋಟದ ವಿಷಯ. ಹಳ್ಳಿಯ ಮನೆಗೆ ಬೀಗ ಹಾಕಿದ ದಿನವೇ ತೋಟ ಹಾಳಾಗುವುದಿಲ್ಲ. ಹಾಗೆ ಆಗುವುದಿದ್ದರೆ ಯಾರೂ ಬೀಗ ಹಾಕುತ್ತಿರಲಿಲ್ಲ. 2014ರಲ್ಲಿ ಅಡಿಕೆಯ ಧಾರಣೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದಾಗ ಆ ಹಣದಲ್ಲಿ ಸೈಟು ಕೊಂಡ ಕುಟುಂಬಗಳು ಅನೇಕ. ಅಂಥ ಕುಟುಂಬವೊಂದರ ನಡೆ ಸಾಮಾನ್ಯವಾಗಿ ಹೀಗಿರುತ್ತದೆ. ಮೊದಲ ವರ್ಷ ಯಜಮಾನ ಪ್ರತಿದಿನ ಬೆಳಿಗ್ಗೆ ಬೈಕಿನಲ್ಲಿ ಹಳ್ಳಿಗೆ ಹೋಗಿ ಸಂಜೆ ಮರಳುತ್ತಾನೆ. ಹಸುಗಳನ್ನು ಆಗಲೇ ಮಾರಿಯಾಗಿರುತ್ತದೆ, ಏಕೆಂದರೆ ಹಸುವಿಗೆ ರಾತ್ರಿಯೂ ಮನುಷ್ಯರು ಬೇಕು. ಎರಡನೆಯ ವರ್ಷ ವಾರಕ್ಕೆ ಎರಡು ದಿನ. ಮೂರನೆಯ ವರ್ಷ ಮಳೆಗಾಲದಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ, ಕೆಲಸದಾಳು ದೂರವಾಣಿ ಎತ್ತುವುದಿಲ್ಲ, ಅಷ್ಟರಲ್ಲಿ ಕೊಳೆ ಬಂದಿರುತ್ತದೆ. ನಾಲ್ಕನೆಯ ವರ್ಷ ಫಸಲನ್ನು ಮರದ ಮೇಲಿರುವಾಗಲೇ ಚೇಣಿಗೆ ಕೊಡುತ್ತಾರೆ.

ಚೇಣಿದಾರನಲ್ಲಿ ದೋಷವಿಲ್ಲ. ಅವನು ಆ ವರ್ಷದ ಅಡಿಕೆಗೆ ಹಣ ಕೊಟ್ಟಿದ್ದಾನೆ, ಆ ವರ್ಷದ ಅಡಿಕೆಯನ್ನು ಒಯ್ಯುತ್ತಾನೆ. ಬಸಿಗಾಲುವೆಯ ಹೂಳೆತ್ತುವುದು, ಸತ್ತ ಮರದ ಜಾಗದಲ್ಲಿ ಸಸಿ ನೆಡುವುದು, ಕೆಲವು ವರ್ಷಗಳಿಗೊಮ್ಮೆ ಹೊಸ ಮಣ್ಣು ಹಾಕುವುದು, ಮೆಣಸಿನ ಬಳ್ಳಿಯ ಬುಡಕ್ಕೆ ನೀರು ನಿಲ್ಲದಂತೆ ನೋಡುವುದು, ಇವೆಲ್ಲ ಹತ್ತು ಇಪ್ಪತ್ತು ವರ್ಷಗಳ ದೃಷ್ಟಿಯಿಂದ ಮಾಡುವ ಕೆಲಸಗಳು. ಒಂದು ವರ್ಷದ ಗುತ್ತಿಗೆದಾರನಿಂದ ಅವನ್ನು ನಿರೀಕ್ಷಿಸಲಾಗದು. ಬಸಿಗಾಲುವೆ ಮುಚ್ಚಿದ ತೋಟದಲ್ಲಿ ಬೇರು ಉಸಿರುಗಟ್ಟುತ್ತದೆ. ಮರ ಒಮ್ಮೆಲೇ ಸಾಯುವುದಿಲ್ಲ. ಗರಿ ಹಳದಿಯಾಗುತ್ತದೆ, ಸುಳಿ ಸಣ್ಣದಾಗುತ್ತದೆ, ಕೊನೆಯ ಗಾತ್ರ ಕುಗ್ಗುತ್ತದೆ. ಇದು ಕಣ್ಣಿಗೆ ಕಾಣುವ ಹೊತ್ತಿಗೆ ಐದಾರು ವರ್ಷ ಕಳೆದಿರುತ್ತದೆ. ಆಗ ಒಡೆಯನು ಮಣ್ಣು ಪರೀಕ್ಷೆ ಮಾಡಿಸಲು ಬರುತ್ತಾನೆ.

ಈ ನಷ್ಟ ಆ ಮನೆಯವರಿಗೆ ಮಾತ್ರ ಸಂಬಂಧಿಸಿದ್ದಾದರೆ ಇದನ್ನು ಸಭೆಯಲ್ಲಿ ಚರ್ಚಿಸುವ ಅಗತ್ಯವಿರಲಿಲ್ಲ. ಅಡಿಕೆಯ ಪ್ರಮುಖ ರೋಗಗಳು ಗಡಿಕಲ್ಲು ನೋಡಿ ನಿಲ್ಲುವುದಿಲ್ಲ. ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರಸದೃಶ ಜೀವಿ ಮಳೆಹನಿಗಳೊಡನೆ, ಗಾಳಿಯೊಡನೆ ಕೊನೆಯಿಂದ ಕೊನೆಗೆ ದಾಟುತ್ತದೆ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಈ ರೋಗವನ್ನು ಅಭ್ಯಸಿಸಿ ಬೋರ್ಡೋ ದ್ರಾವಣದ ಸಿಂಪರಣೆಯನ್ನು ಬಳಕೆಗೆ ತಂದರು. ಅದಕ್ಕೂ ಮೊದಲಿನಿಂದ ಬೆಳೆಗಾರರು ಕೊನೆಗಳಿಗೆ ಕೊಟ್ಟೆ ಕಟ್ಟಿ ರಕ್ಷಿಸುತ್ತಿದ್ದರು. ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದರೂ ಮದ್ದಿನ ಮೂಲಸೂತ್ರ ಅದೇ ಆಗಿದೆ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೊದಲ ಸಿಂಪರಣೆ ಮುಂಗಾರು ಬಲಿಯುವ ಮುನ್ನ, ಎರಡನೆಯದು 40ರಿಂದ 45 ದಿನಗಳ ನಂತರ, ಮಳೆ ಎಳೆದರೆ ಮೂರನೆಯದು. ದ್ರಾವಣವನ್ನು ಅಂದಂದೇ ಸಿದ್ಧಪಡಿಸಿ ಅಂದೇ ಬಳಸಬೇಕು. ಮಳೆ ಬಿಡುವು ಕೊಟ್ಟ ಕೆಲವೇ ಗಂಟೆಗಳಲ್ಲಿ ಕೆಲಸ ಮುಗಿಯಬೇಕು.

ಆ ಬಿಡುವನ್ನು ಹಿಡಿಯುವವರು ಯಾರು? ಜುಲೈ ತಿಂಗಳ ಒಂದು ಬೆಳಿಗ್ಗೆ ಹುಲೇಕಲ್ ಕಡೆಯ ಕಣಿವೆಯಲ್ಲಿ ಬಿಸಿಲು ಮೂಡಿದ್ದು ಪೇಟೆಯ ಬಡಾವಣೆಯಲ್ಲಿ ಮಳೆಯ ಸದ್ದು ಕೇಳುತ್ತ ಮಲಗಿದವನಿಗೆ ತಿಳಿಯುವುದಿಲ್ಲ. ತಿಳಿದು, ಆಳನ್ನು ಕರೆದು, ಅಲ್ಲಿಗೆ ತಲುಪುವಾಗ ಮೋಡ ಮತ್ತೆ ಕವಿದಿರುತ್ತದೆ. ತೋಟದ ಪಕ್ಕದಲ್ಲಿ ಮನೆಯಿರುವುದರ ಬೆಲೆ ಏನೆಂದು ಕೇಳಿದರೆ ಉತ್ತರ ಈ ಮೂರು ಗಂಟೆಗಳಲ್ಲಿದೆ. ಇತ್ತೀಚಿನ ವರ್ಷಗಳಲ್ಲಿ ನೆಲದ ಮೇಲೆ ನಿಂತೇ ಸಿಂಪರಿಸಲು, ಕೊನೆ ಕೊಯ್ಯಲು ಕಾರ್ಬನ್ ಫೈಬರಿನ ದೋಟಿಗಳು ಬಂದಿವೆ. ಮರ ಹತ್ತುವವರ ಕೊರತೆಯನ್ನು ಅವು ಕೆಲಮಟ್ಟಿಗೆ ನೀಗಿವೆ. ಬಿಸಿಲನ್ನು ಕಾಯುವ ಮನುಷ್ಯನ ಕೊರತೆಯನ್ನು ಯಾವ ದೋಟಿಯೂ ನೀಗಲಾರದು.

ಎಲೆಚುಕ್ಕಿ ರೋಗವು 2022ರ ಹೊತ್ತಿಗೆ ಮಲೆನಾಡಿನ ಹಲವು ತಾಲ್ಲೂಕುಗಳ ತೋಟಗಳನ್ನು ಆವರಿಸಿದ ರೀತಿ ಈ ಮಾತಿಗೆ ಇನ್ನಷ್ಟು ಪುಷ್ಟಿ ನೀಡುತ್ತದೆ. ರೋಗ ತಗುಲಿದ ಗರಿಗಳನ್ನು ತೆಗೆದು ನಾಶಪಡಿಸುವುದು, ಒಂದು ಕಣಿವೆಯ ಎಲ್ಲ ತೋಟಗಳಿಗೂ ಒಂದೇ ಅವಧಿಯಲ್ಲಿ ಶಿಲೀಂಧ್ರನಾಶಕ ಸಿಂಪರಿಸುವುದು, ಮಣ್ಣಿನ ಪೋಷಕಾಂಶಗಳ ಸಮತೋಲ ಕಾಯುವುದು ಇದಕ್ಕೆ ಮುಖ್ಯ ಕ್ರಮಗಳು. ಹತ್ತು ಮನೆಗಳ ಕಣಿವೆಯಲ್ಲಿ ಏಳು ಮನೆಯವರು ಶ್ರದ್ಧೆಯಿಂದ ಸಿಂಪರಿಸಿ, ಬೀಗ ಹಾಕಿದ ಮೂರು ಮನೆಗಳ ತೋಟಗಳು ಹಾಗೆಯೇ ಉಳಿದರೆ ರೋಗಕ್ಕೆ ಅಲ್ಲಿ ನೆಲೆ ಉಳಿಯುತ್ತದೆ. ಏಳು ಮನೆಯವರ ದುಡ್ಡು, ಶ್ರಮ ನೀರುಪಾಲಾಗುತ್ತದೆ. ಮುಂದಿನ ವರ್ಷ ಆ ಏಳರಲ್ಲಿ ಒಬ್ಬ ಸೈಟು ಹುಡುಕಲು ಹೊರಡುತ್ತಾನೆ. ಒಂದು ಮನೆಯ ನಿರ್ಧಾರ ಇನ್ನೊಂದು ಮನೆಯನ್ನು ಎಬ್ಬಿಸುವ ಬಗೆ ಇದು. ಮಂಗಗಳ, ಕಾಡುಹಂದಿಗಳ ಹಾವಳಿಯಲ್ಲೂ ಇದೇ ಕ್ರಮ ಕಾಣುತ್ತದೆ. ಮನೆಗೊಂದು ನಾಯಿ, ಕೂಗಿ ಓಡಿಸುವ ಒಬ್ಬ ಮುದುಕ ಇದ್ದ ಕಡೆ ಮಂಗಗಳು ಅಂಜುತ್ತಿದ್ದವು. ಮುದುಕ ಪೇಟೆಯ ಮಹಡಿಯಲ್ಲಿ ದೂರದರ್ಶನ ನೋಡುತ್ತಿದ್ದಾನೆ, ಎಳೆಯಡಿಕೆ ನೆಲದ ಮೇಲೆ ಬಿದ್ದಿದೆ.

ಬೆಟ್ಟದ ಮಾತಿಗೆ ಬಂದಾಗ ತೀರ್ಪು ಅಷ್ಟು ಸರಳವಲ್ಲ. ಉತ್ತರ ಕನ್ನಡದ ಘಟ್ಟದ ಮೇಲಿನ ತೋಟಿಗರಿಗೆ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನಬೆಟ್ಟದ ಹಕ್ಕು ಬ್ರಿಟಿಷರ ಕಾಲದಿಂದ ಬಂದಿದೆ. ಅಲ್ಲಿಯ ಸೊಪ್ಪು, ದರಕು ಕೊಟ್ಟಿಗೆಗೆ ಬಂದು, ಸಗಣಿಯೊಡನೆ ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತಿತ್ತು. ಹಸು ಹೋದ ಮೇಲೆ ಈ ಸರಪಳಿ ಕಡಿಯಿತು. ಸೊಪ್ಪು ಸವರುವುದು ನಿಂತ ಬೆಟ್ಟಗಳಲ್ಲಿ ಮರಗಳು ತಲೆಯೆತ್ತಿ, ಬೋಳಾಗಿದ್ದ ಇಳಿಜಾರುಗಳಲ್ಲಿ ಹೊಸ ಸಸಿಗಳು ಬಂದಿರುವುದೂ ಉಂಟು. ಪರಿಸರದ ಕೆಲಸಗಾರರು ಇದನ್ನು ಮುಚ್ಚಿಡಬಾರದು. ಅದೇ ವೇಳೆಗೆ, ಗುಡಿಸುವವರಿಲ್ಲದೆ ಮೊಣಕಾಲುದ್ದ ಬಿದ್ದ ದರಕಿಗೆ ಮಾರ್ಚ್ ತಿಂಗಳಲ್ಲಿ ಕಿಡಿ ತಗುಲಿದರೆ ಆ ಸಸಿಗಳೆಲ್ಲ ಒಂದೇ ಮಧ್ಯಾಹ್ನದಲ್ಲಿ ಹೋಗುತ್ತವೆ. ಆ ಹೊಗೆಯನ್ನು ಮೊದಲು ಕಂಡು ಹಸಿಸೊಪ್ಪು ಹಿಡಿದು ಓಡಬೇಕಾದವರು ಊರಿನಲ್ಲಿರಬೇಕು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಸುತ್ತಿನ ಹೆಂಗಸರು, ಯುವಕರು ಕಳಸೆಯ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡಾಗ ಅವರಿಗೆ ಆ ಕಾಡು ನಡೆಯುವ ದೂರದಲ್ಲಿತ್ತು. ಅಪ್ಪಿಕೋ ಚಳವಳಿಯ ಆರಂಭವನ್ನು ಸ್ಮರಿಸುವವರು ಈ ದೂರವನ್ನೂ ಗಮನಿಸಬೇಕು.

ಪೇಟೆಯ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಬಡಾವಣೆಯ ಮಕ್ಕಳು ನಲ್ಲಿಯನ್ನೂ ಚರಂಡಿಯನ್ನೂ ತೋರಿಸುತ್ತಾರೆ. ಶಿರಸಿಗೆ ನೀರು ಬರುವುದು ಕೆಂಗ್ರೆ ಮತ್ತು ಮಾರಿಗದ್ದೆಗಳಿಂದ, ಎಂದರೆ ಕಾಡು ಹಾಗೂ ಹಳ್ಳಿಗಳ ನಡುವೆ ಹರಿಯುವ ಹೊಳೆಗಳಿಂದ. ಮೇಲಿನ ಕಣಿವೆಗಳಲ್ಲಿ ಕೆರೆಯ ಹೂಳು ತೆಗೆಯುವವರು, ಬೇಸಿಗೆಗೆ ಮುನ್ನ ಹಳ್ಳಕ್ಕೆ ಕಟ್ಟು ಹಾಕುವವರು ಕಡಿಮೆಯಾದಂತೆ ಹೊಳೆಯ ಬೇಸಿಗೆಯ ಹರಿವೂ ಇಳಿಯುತ್ತದೆ. ಇದರಲ್ಲಿ ಉಳಿದಿರುವ ಬೆಳೆಗಾರರ ಪಾಲೂ ಇದೆ. ನೀರು ಇಂಗಿಸುತ್ತಿದ್ದ ಭತ್ತದ ಗದ್ದೆಗಳನ್ನು ಅಡಿಕೆ ತೋಟವಾಗಿಸಿ, ಹಳ್ಳಕ್ಕೆ ಪಂಪು ಇಳಿಸಿದವರು ಪೇಟೆಯವರಲ್ಲ. 2500 ಮಿಲಿಮೀಟರ್ ಮಳೆಯ ಊರಿನಲ್ಲಿ ಮೇ ತಿಂಗಳ ಟ್ಯಾಂಕರಿಗೆ ಕಾಯುವ ಬಡಾವಣೆಗಳಿವೆ ಎಂಬುದು ಇಬ್ಬರೂ ತಲೆತಗ್ಗಿಸಬೇಕಾದ ವಿಷಯ.

ಹೊರಹೋಗುವ ನೀರಿನ ಕಥೆಯೂ ಇದಕ್ಕೆ ಕೂಡಿಕೊಂಡಿದೆ. ಅಘನಾಶಿನಿಯ ಒಂದು ಮೂಲ ಶಿರಸಿ ಪೇಟೆಯ ಶಂಕರಹೊಂಡದಲ್ಲಿದೆ, ಇನ್ನೊಂದು ಮಂಜುಗುಣಿಯ ಕಡೆಯಿಂದ ಬರುತ್ತದೆ. ದೊಡ್ಡ ಅಣೆಕಟ್ಟಿಲ್ಲದೆ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುವ ಈ ನದಿಯ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿ ಕೆಸರಿನಲ್ಲಿ ಚಿಪ್ಪಿಕಲ್ಲು ಹೆಕ್ಕಿ ಬದುಕುವ ಕುಟುಂಬಗಳಿವೆ. ಮೂಲದಲ್ಲೇ ಪೇಟೆಯನ್ನು ಹೊತ್ತ ನದಿಗಳು ನಾಡಿನಲ್ಲಿ ಹೆಚ್ಚಿಲ್ಲ. ಹಳ್ಳಿಯ ಮನೆಯ ಬಚ್ಚಲ ನೀರು ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಅದೇ ಕುಟುಂಬದ ಪೇಟೆಯ ಮನೆಯ ಬಚ್ಚಲ ನೀರು ಚರಂಡಿ ಸೇರಿ ಹೊಳೆಯ ದಾರಿ ಹಿಡಿಯುತ್ತದೆ. ಅಂಗಳದ ಗಿಡಕ್ಕೆ ಆ ನೀರನ್ನು ತಿರುಗಿಸಲು ಎರಡು ಮೊಳ ಪೈಪು ಸಾಕು. ಆದರೂ ಸೈಟಿನ ಅಂಗಳಕ್ಕೆ ಸಿಮೆಂಟು ಹಾಸುವುದೇ ಈಗ ಅಂತಸ್ತಿನ ಗುರುತಾಗಿದೆ.

ಹೋಗಲೇಬೇಕಾದವರ ವಿಷಯ ಬೇರೆ. 2021ರ ಜುಲೈ ತಿಂಗಳಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆಗಳು ಕೊಚ್ಚಿಹೋದವು. ಅಲ್ಲಿಯವರು ಬೇರೆಡೆ ನೆಲೆ ಕೇಳಿದರೆ ಅವರೊಡನೆ ಒಳಿತು ಕೆಡುಕಿನ ಚರ್ಚೆ ಮಾಡುವ ಅಧಿಕಾರ ಯಾರಿಗೂ ಇಲ್ಲ.

ಉಳಿದವರಿಗೆ ಹಳ್ಳಿಯಲ್ಲೇ ಇರಿ ಎಂದು ಉಪದೇಶಿಸುವುದರಿಂದಲೂ ಪ್ರಯೋಜನವಿಲ್ಲ. ಹೆಂಗಸರ ಪಟ್ಟಿಯಲ್ಲಿದ್ದ ಕಷ್ಟಗಳಲ್ಲಿ ಎಷ್ಟನ್ನು ಹಳ್ಳಿಯಲ್ಲೇ ಕಡಿಮೆ ಮಾಡಬಹುದು ಎಂದು ಒಂದೊಂದಾಗಿ ನೋಡುವುದು ಹೆಚ್ಚು ಪ್ರಾಮಾಣಿಕವಾದ ದಾರಿ. ಅಡಿಕೆ ಸುಲಿಯುವ ಯಂತ್ರ ಬಂದಿದೆ, ಅನೇಕ ಮನೆಗಳಲ್ಲಿ ಗೋಬರ್ ಅನಿಲದ ಒಲೆ ಇದೆ. ಬಸ್ಸಿನ ವೇಳೆಯನ್ನು ಶಾಲೆ ಕಾಲೇಜುಗಳಿಗೆ ಹೊಂದಿಸುವಂತೆ ಒತ್ತಾಯಿಸಿದ ಊರುಗಳು ಎಷ್ಟಿವೆ? ಸೊಸೆಗೆ ಸ್ಕೂಟರು ಕೊಡಿಸಿದ ಮನೆಗಳಲ್ಲಿ ಸೈಟಿನ ಮಾತು ತಡವಾಗಿ ಬರುತ್ತದೆ ಎಂದು ಹಳ್ಳಿಗಳಲ್ಲಿ ನಗೆಯಾಡುವುದುಂಟು. ನಗೆಯಾಡಿ ಬಿಡುವ ಮಾತು ಅದಲ್ಲ. ಮಕ್ಕಳ ಓದಿನ ಎಂಟು ಹತ್ತು ವರ್ಷ ಪೇಟೆಯಲ್ಲಿದ್ದು, ಆಮೇಲೆ ಮರಳುವವರೂ ಇದ್ದಾರೆ. ಅಂಥವರು ಹಳ್ಳಿಯ ಮನೆಯ ಹೆಂಚನ್ನು ವರ್ಷ ವರ್ಷ ಸರಿಪಡಿಸುತ್ತಿರುತ್ತಾರೆ. ಮಲೆನಾಡಿನ ಮಳೆಗೆ ಮೂರು ವರ್ಷ ಹೆಂಚು ತಿರುವದ ಮನೆ ನಾಲ್ಕನೆಯ ವರ್ಷ ಮರಳುವವರಿಗಾಗಿ ಕಾಯುವುದಿಲ್ಲ.

ಪೇಟೆಯಲ್ಲಿ ನೆಲೆಸಿದವರು ಮತ್ತು ಊರಿನಲ್ಲಿ ಉಳಿದವರು ಕೂಡಿ ಒಂದು ಏರ್ಪಾಟು ಮಾಡಿಕೊಳ್ಳಲು ಅಡ್ಡಿಯಿಲ್ಲ. ಕಣಿವೆಯ ಎಲ್ಲ ತೋಟಗಳ ಸಿಂಪರಣೆ, ರೋಗದ ಗರಿ ತೆಗೆಯುವುದು, ಬಸಿಗಾಲುವೆ, ಇವಿಷ್ಟನ್ನು ಊರಿನ ಯುವಕರ ಒಂದು ತಂಡ ವಹಿಸಿಕೊಳ್ಳಬೇಕು. ಪೇಟೆಯವರು ತಮ್ಮ ಪಾಲಿನ ವೆಚ್ಚವನ್ನು ಮಳೆಗಾಲಕ್ಕೆ ಮೊದಲೇ ಸ್ಥಳೀಯ ಸಹಕಾರಿ ಸಂಘದಲ್ಲಿ ಕಟ್ಟಬೇಕು. ಚೇಣಿಗೆ ಕೊಡುವುದೇ ಆದರೆ ಕರಾರಿನಲ್ಲಿ ಬಸಿಗಾಲುವೆಯನ್ನೂ ಸಿಂಪರಣೆಯನ್ನೂ ಬರೆಸಬೇಕು, ಅವಧಿ ಐದು ವರ್ಷಕ್ಕಿಂತ ಕಡಿಮೆ ಇರಬಾರದು. ಐದು ವರ್ಷ ಎಂದರೆ ಚೇಣಿದಾರನೂ ಮಣ್ಣಿನ ಕಡೆ ನೋಡುತ್ತಾನೆ. ಒಡೆಯರಿಗೆ ಇದರಲ್ಲಿ ಅಂಜಿಕೆಯಿದೆ. ಭೂಸುಧಾರಣೆಯ ಕಾಲದ ನೆನಪು ಇನ್ನೂ ಹಸಿಯಾಗಿದೆ. ಕಾನೂನು ಬಲ್ಲವರನ್ನು ಊರಿಗೆ ಕರೆಸಿ ಈ ಅಂಜಿಕೆಯನ್ನು ಎದುರೆದುರು ಮಾತನಾಡಿಕೊಳ್ಳುವುದು ಒಳ್ಳೆಯದು.

ಇಲ್ಲಿ ನೆರೆದಿರುವ ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ತಮ್ಮ ತಮ್ಮ ಕಣಿವೆಯಲ್ಲಿ ಸಂಜೆ ದೀಪ ಹತ್ತದ ಮನೆಗಳೆಷ್ಟು, ಆ ಮನೆಗಳ ತೋಟ ಎಲ್ಲಿಂದ ಎಲ್ಲಿಯವರೆಗೆ, ಕಳೆದ ವರ್ಷ ಅಲ್ಲಿ ಎಷ್ಟು ಸಿಂಪರಣೆ ನಡೆಯಿತು, ಬಸಿಗಾಲುವೆ ತೆರೆದಿದೆಯೇ ಮುಚ್ಚಿದೆಯೇ, ಮನೆಯವರು ಪೇಟೆಯ ಯಾವ ಭಾಗದಲ್ಲಿದ್ದಾರೆ, ಇವನ್ನು ಒಂದು ನೋಟುಬುಕ್ಕಿನಲ್ಲಿ ಬರೆಯಬೇಕು. ಬರೆಯುವಾಗ ಯಾರನ್ನೂ ದೂರಬೇಕಾಗಿಲ್ಲ. ಮನೆಯವರಿಗೆ ಒಮ್ಮೆ ದೂರವಾಣಿ ಮಾಡಿ, ಈ ವರ್ಷ ಊರಿನವರೊಡನೆ ಸಿಂಪರಣೆಗೆ ಸೇರುತ್ತೀರಾ ಎಂದು ಕೇಳಿದರೆ ಸಾಕು. ಮೇ ತಿಂಗಳ ಮೊದಲ ವಾರದೊಳಗೆ ಈ ಪಟ್ಟಿ ಸಂಘದ ಕಚೇರಿಗೆ ತಲುಪಿದರೆ ಮೈಲುತುತ್ತ ಎಷ್ಟು ತರಿಸಬೇಕು, ಮೊದಲ ಸಿಂಪರಣೆ ಯಾವ ಕಣಿವೆಯಿಂದ ಆರಂಭವಾಗಬೇಕು ಎಂಬುದನ್ನು ಮಳೆಗೆ ಮುನ್ನ ಗೊತ್ತುಮಾಡಬಹುದು.